ಸೂಜಿ ಹನ್ನೆರಡಕ್ಕೆ ಬರುವ ತನಕ

ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಉಲಾನ್‌ಬಾತರಿನ ಕಲ್ಲಿದ್ದಲ ಹೊಗೆಯನ್ನು
ಕೋಟಿನ ಮಡಿಕೆಯಲ್ಲಿ ಹೊತ್ತುಕೊಂಡೇ
ಮೂರನೇ ಮಹಡಿ ಹತ್ತಿ ಬಂದ ದಷ್‌ಜೆವೆಗ್,
ಕೈಗವಸು ಬಿಚ್ಚಿ, ಚೀಟಿ ಬಿಚ್ಚಿ,
ಗಲ್ಲೆಯ ಗಾಜಿನ ಮೇಲಿಟ್ಟ.
ಮೊಮ್ಮಗಳ ಅಕ್ಷರ, ನೇರಳೆ ಶಾಯಿ:
‘ಇನ್ನೂರ ನಲವತ್ತು ಹರ್ಟ್ಸ್. ಕಡಿಮೆ ಬೇಡ ತಾತ.’
ಕೆಳಗೆ ಎರಡು ಗೆರೆ.

ತಿಂಗಳ ಕೊನೆ. ಇನ್ನೂರ ನಲವತ್ತರದು ಒಂದು ಹೋದರೆ
ನನಗೆ ಬೂಟಿನ ದುಡ್ಡು.
ಡಬ್ಬಕ್ಕೆ ಕೈ ಹಾಕಿದ್ದೆ ಕೂಡ.
ಹಾಳು ನಾಲಗೆ, ಅದು ಮೊದಲೇ ಕೇಳಿಬಿಟ್ಟಿತು:
‘ಮನೆಯ ಯಂತ್ರ ಎಷ್ಟು ಕೊಡುತ್ತೆ?’

‘ಎಂಬತ್ತೈದು ಅಂತಾಳೆ ಸೊಲೊಂಗೊ.
ಆಟದಲ್ಲಿ ಹೊಗೆ ಬಾಂಬು ಬಿದ್ದಾಗ ಅರವತ್ತು.’
ಆಮೇಲೆ ಅವನೇ:
‘ಮಿಕ್ಕ ಹೊತ್ತಿನಲ್ಲಿ ಏನು ತೋರಿಸುತ್ತೆ ಪರದೆ?’

ತೋರಿಸಿದ್ದನ್ನೇ, ಎಂದೆ.
ಹಾಸಿಗೆ ಉದ್ದವಾಯಿತೆಂದು ಕಾಲು ಬೆಳೆಯುವುದಿಲ್ಲವಲ್ಲ.

ಮೂಲೆಯ ಹಳೇ ಅರವತ್ತರ ಪರದೆಗೆ
ನೂರು ಹೆರುವ ಕಾರ್ಡು ಸಿಕ್ಕಿಸಿ ತೋರಿಸಿದೆ.
ಸಿಪಾಯಿ ಗಕ್ಕನೆ ತಿರುಗಿದ. ಗೋಡೆ ಅಡ್ಡಕ್ಕೆ ಸೀಳಿತು.
ಸೊಂಟದ ಮೇಲೆ ಕಳೆದುಹೋದ ಗಳಿಗೆ,
ಸೊಂಟದ ಕೆಳಗೆ ಈಗಷ್ಟೇ ಹುಟ್ಟಿದ್ದು.
ಕಾಲು ಓಡಿಹೋಗಿವೆ,
ಮುಖ ಇನ್ನೂ ಬಾಗಿಲಲ್ಲೇ ನಿಂತಿದೆ.

ಕಾರ್ಡಿನ ಲಯ, ಪರದೆಯ ಲಯ ಎಂದು ನಾನು
ಬಾಯಿಪಾಠ ಶುರುಮಾಡಿದರೆ
ನಕ್ಕುಬಿಟ್ಟ. ಒಂದು ಚಿನ್ನದ ಹಲ್ಲು.

‘ಮಗು, ಮೂವತ್ತೊಂದು ವರ್ಷ ಇದನ್ನೇ ಮಾಡಿದ್ದೇನೆ.
ಊರಂಚಿನ ವಿದ್ಯುತ್ ಸ್ಥಾವರ, ರಾತ್ರಿ ಪಾಳಿ.
ಊರಿಗೆಲ್ಲ ಐವತ್ತು ಹರ್ಟ್ಸ್.
ಹೊಸ ಟರ್ಬೈನು ಎದ್ದು ಬರುವಾಗ
ಗಡಿಯಾರದಂಥ ಬಿಲ್ಲೆಯಲ್ಲಿ ಒಂದು ಸೂಜಿ ತಿರುಗುತ್ತೆ,
ಬೇಗ, ಆಮೇಲೆ ನಿಧಾನ, ಆಮೇಲೆ ಇರುವೆಯ ಹಾಗೆ.
ಹನ್ನೆರಡರ ನೆತ್ತಿಗೆ ಬಂದಾಗ ಜೋಡಿಸಬೇಕು.
ಆತುರಪಟ್ಟರೆ ಯಂತ್ರದ ಬೆನ್ನುಮೂಳೆ ಮುರಿಯುತ್ತೆ.
ಒಮ್ಮೆ ಮುರಿದಿದ್ದೇವೆ.
ಗಾನ್‌ಜೊರಿಗನ ಕೈ ಅವತ್ತಿನಿಂದ ನಡುಗುತ್ತೆ,
ಚಹಾ ಬಗ್ಗಿಸುವಾಗಲೂ.’

ಸುಮ್ಮನಿದ್ದು ಕೇಳಿದ:
‘ಇದರಲ್ಲಿ ಯಾರು ಯಾರಿಗೆ ಕಾಯೋದು?’

ಈ ಮೂರು ವರ್ಷದಲ್ಲಿ ಯಾವ ಗಿರಾಕಿಯೂ ಕೇಳದ್ದು.
ನೂರ ನಲವತ್ತನಾಲ್ಕರ ಡಬ್ಬ ಎಳೆದೆ.
ಇದು ಕಾರ್ಡಿಗಾಗಿ ಕಾಯುತ್ತೆ, ಅಪ್ಪಾ.
ಚಿತ್ರ ಸಿದ್ಧವಾದಾಗಲೇ ರೆಪ್ಪೆ ಬಡಿಯುತ್ತೆ,
ನಲವತ್ತೆಂಟರವರೆಗೂ ಇಳಿದು ಬರುತ್ತೆ.
‘ಅದಕ್ಕೂ ಕೆಳಗೆ?’
ಒಂದನ್ನೇ ಎರಡು ಸಲ ತೋರಿಸಿ ಮಾನ ಉಳಿಸಿಕೊಳ್ಳುತ್ತೆ.
‘ನಮ್ಮ ಮೇಲಧಿಕಾರಿಯೂ ಹಾಗೇ ಇದ್ದ,’ ಎಂದ.

ಬೆಲೆ ಅದರ ಅರ್ಧಕ್ಕಿಂತ ತುಸು ಹೆಚ್ಚು.
ಉಳಿದದ್ದನ್ನು ಎಣಿಸಿ ಒಳಜೇಬಿಗೆ ತುರುಕಿ,
ಚೀಟಿಯ ಬೆನ್ನಿಗೆ ಹೊಸ ಕಾರ್ಡಿನ ಬೆಲೆ ಬರೆದುಕೊಂಡ,
ಮುಂದಿನ ಚಳಿಗಾಲದ ಲೆಕ್ಕಕ್ಕೆ.
ನನ್ನ ಬೂಟಿನ ತುದಿ ಬಾಯಿ ಬಿಟ್ಟುಕೊಂಡು
ಎಲ್ಲವನ್ನೂ ನೋಡುತ್ತಿತ್ತು.

ಡಬ್ಬಕ್ಕೆ ಉಣ್ಣೆಗಂಬಳಿ ಸುತ್ತುತ್ತ ಹೇಳಿದೆ:
ಮನೆ ಸೇರಿದೊಡನೆ ಹಚ್ಚಬೇಡಿ.
ಚಳಿಯಿಂದ ಬೆಚ್ಚಗೆ ಬಂದರೆ ಒಳಗೆ ಹನಿ ಕಟ್ಟುತ್ತೆ.
ಎರಡು ಗಂಟೆ ಸುಮ್ಮನೆ ಬಿಡಿ.

‘ನನಗೆ ಗೊತ್ತು. ಅವಳಿಗೆ ಹೇಳು,’
ಎಂದು ಫೋನು ನನ್ನ ಕೈಗಿತ್ತ.
ಆ ಕಡೆ ಹನ್ನೊಂದು ವರ್ಷದ ಬಿಸಿಯುಸಿರು:
‘ಇನ್ನೂರ ನಲವತ್ತೇ ತಾನೆ?’

ದಷ್‌ಜೆವೆಗನ ಮುಖ ನೋಡಿದೆ.
ಅವನೋ, ಕೈಗವಸು ಏರಿಸುವುದರಲ್ಲಿ ಮುಳುಗಿದ್ದ,
ಒಂದೊಂದೇ ಬೆರಳು.
ತಲೆಯ ಮೇಲೆ ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು.
ಎಲ್ಲೋ ಊರಂಚಿನಲ್ಲಿ ಯಾರೋ ಅದನ್ನು ಕಾಯುತ್ತ ಕೂತಿದ್ದಾರೆ.

ನಾನು ಬಾಯಿ ತೆರೆಯಲಿಲ್ಲ.
ಸೂಜಿ ಇನ್ನೂ ಹನ್ನೊಂದರ ಹತ್ತಿರ.