ಪ್ರಭಾರ

ಮುಳಿಪದವು, ಜನವರಿ ಒಂದು.
ಪ್ರಿಯ ಅಧ್ಯಾಪಕರೇ, ಆಫೀಸಿನವರೇ, ಮಕ್ಕಳೇ,

ವರ್ಷಕ್ಕೊಂದು ಪತ್ರ ಬರೆಯುವುದು ಈ ಕುರ್ಚಿಯ ವಾಡಿಕೆಯಂತೆ.
ಎಡಗಾಲು ಸ್ವಲ್ಪ ಮೋಟು ಅದಕ್ಕೆ;
ಕೂತವರೆಲ್ಲ ಬಾಗಿಲ ಕಡೆಗೇ ವಾಲುತ್ತಾರೆ.
ಎರಡು ವರ್ಷದಲ್ಲಿ ನಾನು ನಾಲ್ಕನೆಯವಳು.
ಬೋರ್ಡಿನಲ್ಲಿ ದೊಡ್ಡದಾಗಿ ಕುಲಪತಿ,
ಕೆಳಗೆ ಇರುವೆ ಸಾಲಿನಷ್ಟು ಸಣ್ಣಗೆ: ಪ್ರಭಾರ.
ಭಾರವೇನೋ ಗೊತ್ತಾಗಿದೆ. ಆ ‘ಪ್ರ’ ಯಾತಕ್ಕೋ,
ಸಂಸ್ಕೃತ ವಿಭಾಗವನ್ನು ಕೇಳಬೇಕು.

ಇಷ್ಟು ಕಾಲ ಈ ಪತ್ರ ಇಂಗ್ಲಿಷಿನಲ್ಲಿ ಹುಟ್ಟಿ
ಮರುದಿನ ಮಲಯಾಳಕ್ಕೆ ಹೋಗಿ
ಕನ್ನಡಕ್ಕೆ ಬರುವಾಗ ಶಿವರಾತ್ರಿ ಕಳೆದಿರುತ್ತಿತ್ತು.
ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲಿ
ಹಳದಿಯಾಗಿ ನೇತಾಡುತ್ತಿತ್ತು ಹೊಸ ವರ್ಷದ ಶುಭಾಶಯ.
ಈ ಸಲ ತಿರುಗಿಸಿದ್ದೇನೆ. ಇದೇ ಮೂಲ.
ದಾಮೋದರನ್ ಸಾರ್, ನಿಮ್ಮ ಪ್ರತಿಗೆ ಅವಸರವಿಲ್ಲ.
ಶಿವರಾತ್ರಿಗೆ ಇನ್ನೂ ಸಮಯವಿದೆ.

ಇಷ್ಟು ಬರೆದು ಹತ್ತು ನಿಮಿಷ ಹಿಗ್ಗಿದೆ.
ಆಮೇಲೆ ಪೆನ್ನು ನಿಂತಿತು.
ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ;
ಕನ್ನಡ ನನಗೆ ಬೇಳದ ಶಾಲೆಯದು,
ಹೊಯಿಗೆಯ ಮೇಲೆ ಬೆರಳಿನದು.
ಅದರಲ್ಲಿ ಹುಲ್ಲಿಗೆಲ್ಲ ಹೆಸರಿದೆ,
ನ್ಯಾಕ್ ಸಮಿತಿಗೆ ಹೇಳುವ ಮಾತಿಲ್ಲ.

ಹಾಗಾದರೆ ಹುಲ್ಲಿನಿಂದಲೇ ಶುರು.
ಪದವಿನ ಮುಳಿ ಒಣಗಿದೆ, ಯಾರೂ ಬೀಡಿ ಎಸೆಯಬೇಡಿ.
ವಿಜ್ಞಾನ ಬ್ಲಾಕಿನ ಹಿಂದೆ ಗೇರು ಹೂಬಿಟ್ಟು
ಲ್ಯಾಬಿನ ಆಸಿಡ್ ವಾಸನೆಯನ್ನೂ ಸೋಲಿಸಿದೆ.
ಗ್ರಂಥಾಲಯಕ್ಕೆ ಗೋಡೆ ಬಂದಿದೆ, ಮಾಡು ಬಂದಿಲ್ಲ.
ಪುಸ್ತಕಗಳು ಸದ್ಯ ಹಾಸ್ಟೆಲಿನ ಊಟದ ಕೋಣೆಯಲ್ಲಿ;
ಅರ್ಥಶಾಸ್ತ್ರಕ್ಕೆ ಸಾಂಬಾರು ತಾಗಿದ್ದು ನಿಜ, ತನಿಖೆ ಬೇಡ.
ಕನ್ನಡ ಎಂ.ಎ.ಗೆ ನಾಲ್ಕು ಮಂದಿ.
ಹತ್ತು ಇಲ್ಲದಿದ್ದರೆ ಮುಚ್ಚಿ ಎಂದು ಮೇಲಿನಿಂದ ಕಾಗದ.
ನಾಲ್ವರಲ್ಲಿ ಒಬ್ಬಳು, ಉಪ್ಪಳದ ಮಿಸ್ರಿಯಾ,
ಮೀನು ಮಾರುವವರ ಲೆಕ್ಕದ ಮಾತುಗಳನ್ನು ಕೂಡಿಸುತ್ತಿದ್ದಾಳೆ,
ಮುನ್ನೂರ ಹನ್ನೆರಡು ಆಗಿದೆ.
ಆ ಕಾಗದದ ಮೇಲೆ ‘ಪರಿಶೀಲನೆಯಲ್ಲಿದೆ’ ಎಂದು ಬರೆದು
ಅತ್ಯಂತ ಕೆಳಗಿನ ಡ್ರಾಯರಿಗೆ ಹಾಕಿದ್ದೇನೆ.

ಇನ್ನು ನಾಯಕತ್ವದ ವಿಚಾರ.
ಆಡಳಿತ ಭವನಕ್ಕೆ ಪಾಯ ತೋಡುವಾಗ
ಹಳೆಯ ಸುರಂಗದ ಬಾಯಿ ಸಿಕ್ಕಿತು.
ಮುಚ್ಚಿಬಿಡುವಾ ಎಂದರು ಎಂಜಿನಿಯರು.
ಎಪ್ಪತ್ತಾರರ ಕುಂಞಂಬು ಮಣಿಯಾಣಿಯನ್ನು ಕರೆಸಿದೆವು.
ಕ್ಯಾಂಡಲ್ ಹಚ್ಚಿ, ಬೆನ್ನು ಬಗ್ಗಿಸಿ ಒಳಗೆ ಹೋದರು.
ಹೊರಗೆ ನಾವು, ಪಿಎಚ್‌ಡಿ ಆದವರು ಹದಿನೇಳು ಮಂದಿ,
ಗಡಿಯಾರ ನೋಡುತ್ತ.
ಒದ್ದೆ ಅಂಗಿಯಲ್ಲಿ ಹೊರಬಂದು,
“ನೀರುಂಟು ಟೀಚರೆ” ಎಂದರು.
“ಎಷ್ಟು ದೂರ ಹೋದಿರಿ?”
“ದೀಪ ಸಣ್ಣಗಾಗುವಲ್ಲಿವರೆಗೆ. ಅದರಾಚೆ ಹೋಗುವವ ಪೆದ್ದ.”
ಭವನ ಹನ್ನೆರಡು ಹೆಜ್ಜೆ ಪಡುವಣಕ್ಕೆ ಸರಿಯಿತು.
ಈ ವರ್ಷ ನಾನಾಗಿ ಮಾಡಿದ ಆದೇಶ ಅದೊಂದೇ.
ಯಾಕೆ ಎಂದು ತಿರುವನಂತಪುರ ಈಗಲೂ ಕೇಳುತ್ತಿದೆ.

ಐತಪ್ಪಣ್ಣನನ್ನು ಬರೆಯದೆ ಮುಗಿಸಲಾರೆ.
ಮೂವತ್ತೊಂದು ವರ್ಷ ಗೇಟಿನಲ್ಲಿ, ದಿನಗೂಲಿ.
ನವೆಂಬರ್ ಮೂವತ್ತಕ್ಕೆ ಬೀಗದಕೈ ಗೊಂಚಲನ್ನು
ನನ್ನ ಮೇಜಿನ ಮೇಲಿಟ್ಟು ಬಸ್ಸು ಹತ್ತಿದರು.
ಡಿಸೆಂಬರ್ ಹದಿನೆಂಟಕ್ಕೆ ಬಂತು, ಕಾಯಂ ಆದೇಶ.
ಅದನ್ನು ಕೈಯಲ್ಲಿ ಹಿಡಿದು ಅವರ ಮನೆಗೆ ಹೋದೆ.
ಓದಿಸಿ ಕೇಳಿ, ನಕ್ಕು, ಮೊಮ್ಮಗಳಿಗೆ
ದೋಣಿ ಮಾಡಲು ಕೊಟ್ಟರು.
ಇದಕ್ಕೆ ಯಾವ ಭಾಷೆಯಲ್ಲೂ ನನ್ನಲ್ಲಿ ವಾಕ್ಯವಿಲ್ಲ.

ಒಂಬತ್ತನೇ ತಾರೀಕು ಹೊಸ ಕುಲಪತಿ ಬರುತ್ತಾರೆ, ಪೂರ್ಣಾವಧಿಗೆ.
ಅವರಿಗೆ ಕನ್ನಡ ಬಾರದು; ಇದನ್ನು ಓದಲು
ಯಾರನ್ನಾದರೂ ಕೇಳಬೇಕಾಗುತ್ತದೆ.
ಕೇಳಲಿ.
ಕುರ್ಚಿಯ ಮೋಟು ಕಾಲಿನಡಿಗೆ
ಇಂಗ್ಲಿಷ್ ಕರಡನ್ನು ಎಂಟು ಮಡಿಕೆ ಮಾಡಿ ಇಟ್ಟಿದ್ದೇನೆ,
ಈಗ ಅಷ್ಟು ಅಲ್ಲಾಡುವುದಿಲ್ಲ.

ನಿಮ್ಮ,
ಫಿಲೋಮಿನಾ ಕ್ರಾಸ್ತಾ, ಸಸ್ಯಶಾಸ್ತ್ರ.

ತಾ.ಕ.: ಗೊಂಚಲಿನ ನಲವತ್ತೊಂದು ಕೈಗಳಲ್ಲಿ ಮೂರು
ಯಾವ ಬಾಗಿಲಿನದೂ ಅಲ್ಲ.
ಗೊತ್ತಿದ್ದವರು ತಿಳಿಸಿ.