ಕೆಮ್ಮಿ, ಇನ್ನೊಮ್ಮೆ

ವಾಲ್ಪರೈಸೊ, ಆಸ್ಪತ್ರೆಯ ಮೂರನೇ ಮಹಡಿ,
ಕಿಟಕಿಯಿಲ್ಲದ ಕೋಣೆ.
ಹನ್ನೊಂದು ವರ್ಷದಿಂದ ಇಲ್ಲಿ ನನ್ನ ಕೆಲಸ
ಹೆಂಗಸರಿಗೆ ಕೆಮ್ಮಿ ಅನ್ನುವುದು.
ಕಲಿತದ್ದು ಸೂಲಗಿತ್ತಿಯ ಕಸುಬು. ಕೂಸು ಹಿಡಿದ ಕೈ
ಈಗ ಹನಿ ಹಿಡಿಯುತ್ತದೆ.

ಇವತ್ತು ಎದುವಿನಾ ಓಯಾರ್ಸುನ್,
ಐವತ್ತೆಂಟು, ನಾಲ್ಕು ಹೆರಿಗೆ,
ಮನೆ ಗುಡ್ಡದ ತುದಿಗೆ, ನೂರ ಅರವತ್ತೆರಡು ಮೆಟ್ಟಿಲು.
ಎಣಿಸಿದ್ದೀರಾ, ಅಂದೆ.
"ಎಣಿಸದೆ? ನಲವತ್ತನೆಯದರಲ್ಲಿ ಬ್ರೆಡ್ಡಿನಂಗಡಿಯ ಕಕ್ಕಸು,
ನೂರಾ ಹತ್ತರಲ್ಲಿ ನಾದಿನಿಯ ಮನೆ.
ನಡುವೆ ಸೀನು ಬಂದರೆ ದೇವರೇ ಗತಿ."

ಕಪ್ಪು ಲಂಗ. ಎಲ್ಲರೂ ಬರುವುದು ಕಪ್ಪಿನಲ್ಲೇ.
ಯಾರು ತೀರಿಕೊಂಡರು ಅಂತ ನಾನು ಕೇಳುವುದಿಲ್ಲ.

ಸೇವಿಗೆಯಷ್ಟು ತೆಳ್ಳಗಿನ ನಳಿಗೆ ಒಂದು ಮುಂದಿನ ದಾರಿಗೆ,
ಒಂದು ಹಿಂದಿನದಕ್ಕೆ.
ತೊಡೆಗೆ ಅಂಟುಪಟ್ಟಿ. ಕ್ಷಮಿಸಿ, ತಣ್ಣಗಿದೆ.
ಉಪ್ಪುನೀರು ಇಳಿಯತೊಡಗುತ್ತದೆ.
ಮೊದಲ ಸಲ ಅನಿಸಿದಾಗ ಹೇಳಿ.
"ಏನನಿಸಿದಾಗ?"
ಹೋಗಬೇಕು ಅಂತ.
"ಅದು ಮದುವೆಯಾದಾಗಿನಿಂದ ಅನಿಸ್ತಿದೆ, ಮಗಳೇ."

ಪರದೆಯ ಮೇಲೆ ಮೂರು ಗೆರೆ:
ಕೋಶದ್ದು, ಹೊಟ್ಟೆಯದು,
ಅದರಲ್ಲಿ ಇದನ್ನು ಕಳೆದು ಉಳಿದದ್ದು.
ಉಳಿದದ್ದು ನೆಟ್ಟಗೆ ಮಲಗಿದೆ. ಪಾಪ, ಅದರದೇನೂ ತಪ್ಪಿಲ್ಲ.
ಮನೆಯೊಳಗೆ ಜಗಳವಿಲ್ಲ,
ಅಗುಳಿ ಸಡಿಲ, ಅಷ್ಟೇ
ಇರಬೇಕು. ಆದರೆ ನೋಡಬೇಕಲ್ಲ.

ಇನ್ನೂರು. ಇನ್ನೂರೈವತ್ತು. ಮುನ್ನೂರು ಮಿಲಿಲೀಟರ್.
ಕೆಮ್ಮಿ.
ಗೆರೆ ಎದ್ದಿತು, ಬಿದ್ದಿತು. ಹನಿಯಿಲ್ಲ.
ಕೆಮ್ಮಿ, ಇನ್ನೊಮ್ಮೆ.
ಜೋರಾಗಿ, ಬಸ್ಸಿನಲ್ಲಿ ಯಾರೋ ನಿಮ್ಮ ಚೀಲಕ್ಕೆ ಕೈ ಹಾಕಿದ ಹಾಗೆ.
ಹನಿಯಿಲ್ಲ.

ಬೀದಿಯಲ್ಲಿ ಮಾನ ತೆಗೆದ ಮೈ
ಇಲ್ಲಿ, ಸಾಕ್ಷಿ ಹೇಳಬೇಕಾದ ಕಟ್ಟೆಯಲ್ಲಿ,
ಬಾಯಿ ಹೊಲಿದುಕೊಂಡು ಕೂತಿದೆ.
ಅವರ ಕಣ್ಣು ತುಂಬಿತು.
"ಸುಳ್ಳು ಹೇಳಿದೆ ಅಂದ್ಕೊಳ್ತೀರಿ ನೀವು."

ಇಲ್ಲ. ನಾಚಿಕೆಗೂ ಒಂದು ಸ್ನಾಯು ಇದೆ,
ನಾವು ಓದಿದ ಯಾವ ಪಟದಲ್ಲೂ
ಅದಕ್ಕೆ ಬಣ್ಣ ತುಂಬಿರಲಿಲ್ಲ.

ಎದ್ದು ನಿಲ್ಲಿಸಿದೆ. ಹಿಮ್ಮಡಿ ಕುಟ್ಟಿ ಅಂದೆ, ಕುಟ್ಟಿದರು. ಇಲ್ಲ.
ಇದರಿಂದಾಗಿ ಏನು ಬಿಟ್ಟಿರಿ, ಎಂದು ಕೇಳಿದೆ.
ಅದು ನನ್ನ ಫಾರಮ್ಮಿನಲ್ಲಿಲ್ಲದ ಪ್ರಶ್ನೆ.

"ಕುಎಕಾ," ಅಂದರು, ಗೋಡೆಯ ಕಡೆ ನೋಡುತ್ತ.
"ಆರು ಸೆಪ್ಟೆಂಬರ್ ಆಯ್ತು. ಹಬ್ಬದ ದಿನ ಬೆಂಚಿನ ಮೇಲೆ ಕೂತು
ಚಪ್ಪಾಳೆ ತಟ್ಟುತ್ತೇನೆ.
ಮಂಡಿನೋವು ಅಂತ ಹೇಳಿದ್ದೇನೆ ಎಲ್ಲರಿಗೂ.
ಲಿಸಾಂದ್ರೊ ಮಂಡಿಗೆ ಮುಲಾಮು ತಂದುಕೊಡ್ತಾರೆ.
ಹಚ್ಚಿಕೊಳ್ತೇನೆ."

ಸ್ಟೀಲಿನ ತಟ್ಟೆ ಬೋರಲು ಹಾಕಿ
ಬೆರಳಲ್ಲಿ ತಾಳ ಹಿಡಿದೆ. ನನಗೆ ತಾಳ ಬರುವುದಿಲ್ಲ.
ಅವರೇ ತಿದ್ದಿದರು: "ಹಾಗಲ್ಲ, ಆರಕ್ಕೆ, ಆರಕ್ಕೆ."
ಕೈ ಒರೆಸುವ ಕಾಗದವೊಂದನ್ನು ಕಿತ್ತು
ಕರವಸ್ತ್ರದಂತೆ ತಲೆಯ ಮೇಲೆ ಬೀಸಿ
ಎರಡು ನಳಿಗೆ, ಮೂರು ತಂತಿ, ಬೂದು ಕಾಲುಚೀಲ,
ಅರ್ಧ ಸುತ್ತು ಬಂದರು, ತಂತಿ ಎಳೆಯುವಷ್ಟೇ,
ಹಿಂದಿರುಗಿ
ನೆಲವನ್ನು ಒದ್ದರು. ಒದ್ದರು. ಒದ್ದರು.

ಟಪ್.

ಕೆಳಗಿನ ಬಟ್ಟಲು ತೂಕ ತೋರಿಸಿತು.
ಅವರು ಕಲ್ಲಾದರು. ಕಾಗದ ಇನ್ನೂ ಗಾಳಿಯಲ್ಲಿ.
ಭೇಷ್, ಅಂದೆ. ಕೂಗಿಯೇಬಿಟ್ಟೆ ಅನಿಸುತ್ತದೆ.
ಇದಕ್ಕೆ ಭೇಷ್ ಅನ್ನುವ ಜಾಗ
ಊರಿನಲ್ಲಿ ಇದೊಂದೇ.
"ನಿಲ್ಲಿಸಲಾ?"
ಬೇಡ, ಹಾಡು ಮುಗಿಯಲಿ.

ಆಮೇಲೆ ನೆಲ ಒರೆಸಿದೆ. ಅವರೂ ಬಗ್ಗಲು ಬಂದರು, ಬಿಡಲಿಲ್ಲ.
ವರದಿ ಬರೆದೆ: ಸೋರಿದಾಗಿನ ಒತ್ತಡ,
ಎಂಬತ್ತಾರು ಸೆಂಟಿಮೀಟರ್ ನೀರು.
ಸೋರಿದ್ದು ಯಾವುದರಿಂದ: ಕೆಮ್ಮು, ತಿಣುಕು, ಜಿಗಿತ,
ಒಂದಕ್ಕೂ ಗುರುತು ಹಾಕದೆ
'ಇತರೆ' ಎಂಬಲ್ಲಿ ಕುಣಿತ ಎಂದು ಬರೆದೆ.
ಡಾಕ್ಟರು ಸಿಡುಕುತ್ತಾರೆ. ಸಿಡುಕಲಿ.

ಆರಕ್ಕೆ ದೀಪ ಆರಿಸಿ ಹೊರಟೆ.
ಬಂದರಿನಿಂದ ಗಾಳಿ, ಅದರ ಜೊತೆ ಮೀನಿನ ವಾಸನೆ, ದೂಳು.
ಮೂರನೇ ತಿರುವಿನಲ್ಲಿ ಸೀನು ಬಂತು.
ಗೋಡೆ ಹಿಡಿದು, ಕಾಲು ಹೆಣೆದು ನಿಂತೆ,
ಕಪ್ಪು ಪ್ಯಾಂಟಿನಲ್ಲಿ,
ಯಾರಿಗೋ ಕಾಯುತ್ತಿರುವವಳ ಹಾಗೆ.
ನಮ್ಮ ಗುಡ್ಡಕ್ಕೆ ನೂರಾ ನಾಲ್ಕು.