ಅರ್ಧ ಪೌಂಡು ಗಾಳಿ

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದು ವೀಲ್ ಅಲೈನ್‌ಮೆಂಟ್ ಅಂಗಡಿ,
ಮೇಲಿನ ಮಹಡಿಯಲ್ಲಿ ಷಫಿಯ ಗೇಮ್ ಸೆಂಟರು,
ಅರ್ಧ ಗಂಟೆಗೆ ನಲವತ್ತು ರೂಪಾಯಿ.
ಕೆಳಗೆ ನಾನು ಆಲ್ಟೋಗಳ ಸೊಟ್ಟ ಕಾಲು ನೆಟ್ಟಗೆ ಮಾಡುತ್ತಿದ್ದರೆ
ತಾರಸಿ ತೂರಿ ಇಳಿಯುತ್ತವೆ
ಇನ್ನೂರೈವತ್ತರ ವೇಗದ ಅಪಘಾತಗಳು.

ಹುಡುಗರೆಲ್ಲ ಒಂದೇ ಥರ:
ಮೊದಲು ಟರ್ಬೊ, ಆಮೇಲೆ ಬಣ್ಣ, ಆಮೇಲೆ ಗೋಡೆ.

ಸಿಂಚನ ಹಾಗಲ್ಲ.
ಪಿಯುಸಿ ಮೊದಲ ವರ್ಷ. ಅಕೌಂಟೆನ್ಸಿ ಪುಸ್ತಕದ ಹಿಂದಿನ ಹಾಳೆಯಲ್ಲಿ
ನಡುವೆ ಒಂದು ಗೆರೆ,
ಎಡಕ್ಕೆ ಬದಲಾಯಿಸಿದ್ದು, ಬಲಕ್ಕೆ ಸಿಕ್ಕ ಸಮಯ.
ಒಂದು ಸಂಜೆ ಮೆಟ್ಟಿಲಿಳಿದು ಬಂದು ಕೇಳಿದಳು:
"ಅಣ್ಣ, ಜೋರು ತಿರುವಲ್ಲಿ ಮೂತಿ ತಿರುಗಾಕಿಲ್ಲ ಅಂತದೆ.
ಇಂಜಿನ್ ಸಾಲ್ದಾ?"

"ಇಂಜಿನ್ನಿಗೆ ಯಾಕವ್ವ ಬೈತೀಯ?
ನೆಲ ಮುಟ್ಟೋದು ಅಂಗೈ ಅಗಲದ ನಾಲ್ಕು ತುಂಡು ರಬ್ಬರು.
ಅದನ್ನ ಕೇಳು."

ಕೇಳಿದಳು. ತಿಂಗಳು ಪೂರ್ತಿ ಕೇಳಿದಳು.
ಮುಂದಿನ ಬಾರ್ ಒಂಚೂರು ಸಡಿಲ ಮಾಡು ಅಂದೆ,
ಬ್ರೇಕು ಕೂದಲೆಳೆ ಹಿಂದಕ್ಕೆ.
ಟಾಪ್ ಗೇರು ನೇರ ರಸ್ತೆಯ ತುದಿಯಲ್ಲೇ ಮುಗೀಬೇಕು,
ಕೊನೇ ಪಂಕ್ತಿಗೆ ಪಾಯಸ ಮುಗಿಯುವ ಹಾಗೆ,
ಪಾತ್ರೆಯಲ್ಲಿ ಉಳಿದರೂ ತಪ್ಪು, ಎಲೆಗೆ ಸಾಲದಿದ್ದರೂ ತಪ್ಪು.
ಮತ್ತೆ, ಒಂದು ಸಲಕ್ಕೆ ಒಂದೇ ತಿರುಪು.
ಎರಡು ತಿರುಗಿಸಿದರೆ ಯಾವುದಕ್ಕೆ ಕೈ ಮುಗಿಯುತ್ತೀಯ,
ಯಾವುದಕ್ಕೆ ಶಾಪ ಹಾಕುತ್ತೀಯ?

ಒಂದು ದಿನ "ನೀವೂ ಓಡಿಸಿ" ಅಂತ ಕೂರಿಸಿದಳು.
ಎರಡೂ ಕಡೆ ಚೂಪು ಮರ, ಎಲ್ಲಿಯದೋ ದೇಶ.
ಹಂಪಿಲ್ಲ, ನಾಯಿಯಿಲ್ಲ,
ರಸ್ತೆ ಪೂರಾ ನಮ್ಮದೇ ಎಂದುಕೊಂಡ ಕಬ್ಬಿನ ಟ್ರಾಕ್ಟರಿಲ್ಲ.
ಅಷ್ಟು ಖಾಲಿ ರಸ್ತೆ ನೋಡಿಯೇ ನನಗೆ ದಿಗಿಲು.
ಮೊದಲ ತಿರುವಿಗೇ ಮಲ್ಲಕಂಬದ ಹಾಗೆ ನಿಂತೆ, ಮೂತಿ ಮಣ್ಣಿಗೆ.

ಷಫಿ ನಕ್ಕ. ನಗಲಿ.
ಗಾಡಿ ಜಾರುವುದು ಮೊದಲು ಅಂಡಿಗೆ ತಿಳಿಯಬೇಕು, ಆಮೇಲೆ ಕಣ್ಣಿಗೆ.
ಮೂವತ್ತು ವರ್ಷ ಹಾಗೇ ಕಲಿತವನ ಕೆಳಗೆ
ಅವನು ಇಟ್ಟದ್ದು ಪ್ಲಾಸ್ಟಿಕ್ ಕುರ್ಚಿ.

"ಕಿವಿ ಕೊಡಿ ಅಣ್ಣ," ಅಂದಳು
ನಿಜದ ಸ್ಟೀರಿಂಗ್ ಇನ್ನೂ ಮುಟ್ಟದ ಹುಡುಗಿ.
"ಟೈರು ಗುನುಗಿದ್ರೆ ಸರಿಯಾಗಿದೆ ಅಂತ.
ಕಿರುಚಿದ್ರೆ ಆಸೆ ಜಾಸ್ತಿಯಾಯ್ತು ಅಂತ."
ಮಾರನೆಯ ದಿನ ಗಿರಾಕಿಯ ಸ್ವಿಫ್ಟ್ ಟ್ರಯಲ್ ನೋಡುವಾಗ
ರೇಡಿಯೋ ಆರಿಸಿ, ಕಿಟಕಿ ಇಳಿಸಿ
ಕೆರೆ ಏರಿಯ ತಿರುವಲ್ಲಿ ಕೇಳಿದೆ.
ಹೌದಲ್ಲ!
ಇಷ್ಟು ವರ್ಷ ಅದು ಗುನುಗುತ್ತಲೇ ಇತ್ತು.

ಕಾರ್ತೀಕ ಕಳೆದಿತ್ತು. ಫ್ಯಾಕ್ಟರಿ ಕಡೆಯಿಂದ ಕಾಕಂಬಿಯ ವಾಸನೆ.
ಒಂದು ನಿಮಿಷ ನಲವತ್ತೆರಡರ ಒಳಗೆ ಬರಬೇಕೆಂಬ ಹಟ ಅವಳಿಗೆ.
ಅವಳದೇ ನಿನ್ನೆಯ ಗಾಡಿ, ಗಾಜಿನ ಮೈಯದು,
ಮುಂದೆ ಮುಂದೆ ಓಡುತ್ತಿತ್ತು.
ಜೋರು ಬಲತಿರುವು ಬಂತು.
ಕಾಲು ಒಂದು ಉಸಿರಿನಷ್ಟು ಸಡಿಲ ಮಾಡಿದಳು, ಅಷ್ಟೇ.
ಕೊಟ್ಟಿಗೆ ಕಂಡ ಹಸುವಿನಂತೆ ಮೂತಿ ಒಳಕ್ಕೆ ತಿರುಗಿತು.
ನಿನ್ನೆಯವಳ ಮೈಯೊಳಗಿಂದಲೇ ತೂರಿ
ಇವತ್ತಿನವಳು ಮುಂದೆ.
ನಾನು ಬಾಗಿಲಲ್ಲಿ ಸ್ಪ್ಯಾನರ್ ಹಿಡಿದು ನಿಂತವನು
ಉಸಿರು ಬಿಟ್ಟರೆ ಪರದೆಗೆ ತಾಗೀತೆಂದು ಸುಮ್ಮನಿದ್ದೆ.
ಮೂರು ತಿರುವು. ಎರಡು. ಕೊನೆಯದು

ಕರೆಂಟು ಹೋಯಿತು.

ಫ್ಯಾನು ತಿರುಗುತ್ತ ತಿರುಗುತ್ತ ಸೋತಿತು.
ಷಫಿ ಯುಪಿಎಸ್ಸಿಗೆ ಬೈದ, ಬ್ಯಾಟರಿಗೆ ಬೈದ, ಲೈನ್‌ಮನ್ನಿಗೂ ಬೈದ.
"ಬರ್ಕೋ," ಅಂದೆ, "ನಲವತ್ತೊಂದು ಮುಕ್ಕಾಲು.
ನಾನು ಕಂಡಿದೀನಿ, ಸಾಕ್ಷಿ ಹೇಳ್ತೀನಿ."

ಮೊಬೈಲ್ ಬೆಳಕಲ್ಲಿ ಪುಸ್ತಕ ಬಿಚ್ಚಿದಳು,
ಎಡಗಡೆ ಬರೆದಳು.
ಬಲಗಡೆ ಪೆನ್ನು ಇಟ್ಟು, ಎತ್ತಿದಳು.
"ಗೆರೆ ದಾಟಿಲ್ಲವಲ್ಲ ಅಣ್ಣ."

ಕೆಳಗೆ ಯಾರೋ ಹಾರ್ನ್ ಹೊಡೆದರು, ಗಾಡಿ ಎಡಕ್ಕೆ ಎಳೆಯುತ್ತಿತ್ತೇನೋ.
ನಾನು ಏಳಲಿಲ್ಲ.
ಕತ್ತಲಲ್ಲೇ ಕೇಳಿದಳು:
"ನಾಳೆ ಮುಂದಿನ ಎಡ ಚಕ್ರಕ್ಕೆ
ಅರ್ಧ ಪೌಂಡು ಗಾಳಿ ಇಳಿಸ್ಲಾ?"